ವಾಲ್ವಿನ ಬೆಳಕು, ಕಿವಿಯ ತೀರ್ಪು

ರಾತ್ರಿ ಹತ್ತು ಗಂಟೆಯ ಮೇಲೆ ಪಟ್ಟಣದ ಮನೆಯಲ್ಲಿ ಸಂಗೀತ ಕೇಳುವುದೆಂದರೆ ಬಹುಮಟ್ಟಿಗೆ ಕಳ್ಳತನಕ್ಕೆ ಸಮಾನವಾದ ಕೆಲಸ. ಗೋಡೆಯ ಆಚೆ ನೆರೆಯವರು, ಈಚೆ ಪರೀಕ್ಷೆಗೆ ಓದುತ್ತಿರುವ ಮಕ್ಕಳು, ಒಳಕೋಣೆಯಲ್ಲಿ ಆಗತಾನೆ ಕಣ್ಣು ಮುಚ್ಚಿದ ಹಿರಿಯರು. ಹಜಾರದ ಮೂಲೆಯಲ್ಲಿ ಒಳ್ಳೆಯ ಆಂಪ್ಲಿಫೈಯರ್ ಇದೆ, ಇಕ್ಕೆಲಗಳಲ್ಲಿ ಎರಡು ಸ್ಪೀಕರುಗಳಿವೆ. ಆದರೆ ಅವು ಬಾಯಿ ತೆರೆಯುವಂತಿಲ್ಲ. ಆಗ ಸಂಗೀತಪ್ರಿಯನಾದ ಗೃಹಸ್ಥನ ದೃಷ್ಟಿ ಆಂಪ್ಲಿಫೈಯರಿನ ಮುಖದ ಮೇಲಿರುವ ಪೆನ್ಸಿಲಿನ ಗಾತ್ರದ ಸಣ್ಣ ರಂಧ್ರದತ್ತ ಹರಿಯುತ್ತದೆ. ಹೆಡ್‌ಫೋನಿನ ಪ್ಲಗ್ಗು ಅದರೊಳಗೆ ಸೇರಿತೆಂದರೆ ಮನೆಗೆ ನಿಶ್ಶಬ್ದ, ಅವನೊಬ್ಬನಿಗೆ ಮಾತ್ರ ಕಛೇರಿ.

ಇಷ್ಟಕ್ಕೇ ನಿಂತಿದ್ದರೆ ಚರ್ಚೆಗೆ ಅವಕಾಶವಿರುತ್ತಿರಲಿಲ್ಲ. ಆದರೆ ಈ ರಂಧ್ರದ ವಿಷಯದಲ್ಲಿ ಬಲ್ಲವರೆನಿಸಿಕೊಂಡವರಿಗೆ ಬಹಳ ಅನಾದರ. ಅದು ತಯಾರಕರು ಬೆಲೆಪಟ್ಟಿಯ ಶೋಭೆಗಾಗಿ ಕೊರೆದ ತೂತು, ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂಬುದು ಅವರ ಅಭಿಪ್ರಾಯ. ನಿಜವಾದ ನಾದ ಬೇಕಾದರೆ ಹೆಡ್‌ಫೋನಿಗೆಂದೇ ಪ್ರತ್ಯೇಕವಾಗಿ ಕಟ್ಟಿದ, ಗಾಜಿನ ವಾಲ್ವುಗಳು ಕೆಂಡದಂತೆ ಹೊಳೆಯುವ ಇನ್ನೊಂದು ಆಂಪ್ಲಿಫೈಯರ್ ಬೇಕಂತೆ. ಅದರ ಬೆಲೆ ಕೆಲವು ಸಾವಿರದಿಂದ ಮೊದಲಾಗಿ ಲಕ್ಷಗಳವರೆಗೆ ಏರಬಲ್ಲುದು. ಇಂಥ ಮಾತನ್ನು ಕೇಳಿ ಬಂದ ಗೃಹಸ್ಥ ಮನೆಯಲ್ಲಿ ವಿಷಯ ಎತ್ತಿದಾಗ ನಡೆಯುವ ಸಂವಾದವನ್ನು ಊಹಿಸುವುದು ಕಷ್ಟವಲ್ಲ.

“ಏನೂಂದ್ರೆ, ಇರೋ ತೂತಿನಲ್ಲಿ ಹಾಡು ಬರೋದಿಲ್ಲವೆ?”

“ಬರುತ್ತೆ ಕಣೆ. ಆದರೆ ಅದರಲ್ಲಿ ಜೀವ ಇಲ್ಲ.”

“ಜೀವಕ್ಕೆ ಎಷ್ಟಾಗುತ್ತೆ?”

ಗೃಹಿಣಿಯ ಈ ಪ್ರಶ್ನೆ ವಿನೋದದ್ದಲ್ಲ. ಮಗಳ ಕಾಲೇಜಿನ ಶುಲ್ಕ, ಮನೆಸಾಲದ ಕಂತುಗಳ ನಡುವೆ ತಿಂಗಳ ಸಂಬಳದ ಒಂದು ದೊಡ್ಡ ಪಾಲನ್ನು ಹೊಳೆಯುವ ಗಾಜಿಗೆ ಸುರಿಯುವ ಮೊದಲು, ಆ ಜೀವವೆಂಬುದು ಎಲ್ಲಿಂದ ಬರುತ್ತದೆಂದು ವಿಚಾರಿಸುವುದು ನ್ಯಾಯವಾಗಿಯೇ ಇದೆ.

ಹೆಡ್‌ಫೋನು ಸಂಗೀತಕ್ಕಾಗಿ ಹುಟ್ಟಿದ್ದಲ್ಲ. ಅದು ಮೊದಲು ಟೆಲಿಫೋನು ಕೇಂದ್ರದ ನೌಕರರ ಕಿವಿಯಲ್ಲಿ, ಅನಂತರ ತಂತಿಯಿಲ್ಲದ ವಾರ್ತೆಯನ್ನು ಹಿಡಿಯುವ ನಾವಿಕರ ಕಿವಿಯಲ್ಲಿ ದುಡಿಯಿತು. 1910ರ ಸುಮಾರಿನಲ್ಲಿ ಅಮೆರಿಕದ ಯೂಟಾ ಪ್ರಾಂತದ ನೆಥೇನಿಯಲ್ ಬಾಲ್ಡ್‌ವಿನ್ ಎಂಬಾತ ತಯಾರಿಸಿದ ಜೋಡಿ ಕಿವಿಯಂತ್ರವನ್ನು ಆ ದೇಶದ ನೌಕಾದಳ ಮೆಚ್ಚಿ ಹೆಚ್ಚಿನ ಸಂಖ್ಯೆಯಲ್ಲಿ ಕೇಳಿದಾಗ, ಒಮ್ಮೆಗೆ ಹತ್ತಕ್ಕಿಂತ ಹೆಚ್ಚು ಕೇಳಬೇಡಿರೆಂದು ಆತ ಬಿನ್ನವಿಸಿಕೊಂಡನಂತೆ. ಏಕೆಂದರೆ ಅವನ ಕಾರ್ಖಾನೆಯೆಂದರೆ ಅವನ ಮನೆಯ ಅಡಿಗೆಕೋಣೆ! ಸಂಗೀತಕ್ಕೆ ಅದು ಒಲಿದುಬಂದುದು 1958ರಲ್ಲಿ. ಮಿಲ್ವಾಕೀ ನಗರದ ಜಾನ್ ಕಾಸ್ ಎಂಬುವರು ಪ್ರದರ್ಶನವೊಂದಕ್ಕೆ ತಾವು ಕಟ್ಟಿದ ಕೈಪೆಟ್ಟಿಗೆಯ ಗ್ರಾಮಫೋನನ್ನು ಒಯ್ದರು. ಅದರೊಡನೆ ಉಪಾಂಗವಾಗಿ ಸ್ಟೀರಿಯೋ ಹೆಡ್‌ಫೋನನ್ನೂ ಇಟ್ಟರು. ಜನ ಗ್ರಾಮಫೋನನ್ನು ಬಿಟ್ಟು ಹೆಡ್‌ಫೋನಿಗೆ ಮುತ್ತಿದರು. ಮುಂದಿನ ವರ್ಷಗಳಲ್ಲಿ ಆಂಪ್ಲಿಫೈಯರ್ ತಯಾರಕರೆಲ್ಲ ತಮ್ಮ ಯಂತ್ರದ ಮುಖಕ್ಕೆ ಒಂದು ರಂಧ್ರ ಕೊರೆಯದೆ ವಿಧಿಯಿಲ್ಲವಾಯಿತು.

ಈ ರಂಧ್ರದ ಹಿಂದೆ ಏನಿದೆ? ಇಂಟಿಗ್ರೇಟೆಡ್ ಆಂಪ್ಲಿಫೈಯರ್ ಎಂದರೆ ಸೂಕ್ಷ್ಮ ಸಂಕೇತವನ್ನು ಹದಗೊಳಿಸುವ ಭಾಗವೂ ಸ್ಪೀಕರನ್ನು ಅಲುಗಿಸುವ ಬಲವುಳ್ಳ ಭಾಗವೂ ಒಂದೇ ಪೆಟ್ಟಿಗೆಯಲ್ಲಿ ಕೂಡಿದ ಯಂತ್ರ. ಅದು ಸ್ಪೀಕರಿಗೆಂದು ಕಟ್ಟಿದ್ದು. 8 ಓಮಿನ ಸ್ಪೀಕರಿಗೆ 50 ವಾಟ್ ಕೊಡಬಲ್ಲ ಯಂತ್ರದಲ್ಲಿ ಪೂರ್ಣ ಬಲದಲ್ಲಿ 20 ವೋಲ್ಟ್ ಹೊರಬರುತ್ತದೆ. ಇದನ್ನು ನೇರವಾಗಿ 32 ಓಮಿನ ಹೆಡ್‌ಫೋನಿಗೆ ಕೊಟ್ಟರೆ ಹನ್ನೆರಡೂವರೆ ವಾಟ್ ಹರಿದು, ಅದರೊಳಗಿನ ಕೂದಲೆಳೆಯಂಥ ತಂತಿ ಸುಟ್ಟುಹೋದೀತು. ಆದುದರಿಂದ ಎಪ್ಪತ್ತರ ದಶಕದ ಯಂತ್ರಗಳಲ್ಲಿ ಸ್ಪೀಕರಿನ ಹಾದಿಯಿಂದಲೇ ಒಂದು ಕವಲು ತೆಗೆದು, ನಡುವೆ ಮುನ್ನೂರು ನಾನೂರು ಓಮಿನ ಒಂದು ರೆಸಿಸ್ಟರನ್ನು ಅಡ್ಡಗಟ್ಟಿ, ಅದರಾಚೆ ಹೆಡ್‌ಫೋನಿನ ರಂಧ್ರವನ್ನಿಡುತ್ತಿದ್ದರು. ಕೆರೆಯ ತೂಬಿಗೆ ಹಾಕಿದ ಅಡ್ಡಹಲಗೆಯಂತೆ ಅದು ಪ್ರವಾಹವನ್ನು ತಗ್ಗಿಸುತ್ತದೆ. ಹಲವರು ಇದನ್ನು ಜಿಪುಣತನವೆಂದು ಹಳಿಯುತ್ತಾರೆ. ಜಿಪುಣತನವಿರಬಹುದು, ಆದರೆ ಅದರಲ್ಲಿ ಜಾಣತನವೂ ಇದೆ. ರೆಸಿಸ್ಟರ್ 330 ಓಮಿನದೆಂದು ಇಟ್ಟುಕೊಂಡರೆ, ಅದೇ 20 ವೋಲ್ಟಿನಿಂದ 300 ಓಮಿನ ಹೆಡ್‌ಫೋನಿಗೆ ಸುಮಾರು 300 ಮಿಲಿವಾಟ್ ದೊರೆಯುತ್ತದೆ, 32 ಓಮಿನದಕ್ಕೆ ಸುಮಾರು 98 ಮಿಲಿವಾಟ್. ರೆಸಿಸ್ಟರ್ ಇಲ್ಲದಿದ್ದರೆ ಒಂಬತ್ತು ಪಟ್ಟಿಗೂ ಮೀರಿದ ಅಂತರವಾಗುತ್ತಿದ್ದ ಕಡೆ ಮೂರು ಪಟ್ಟಿನ ಅಂತರ ಮಾತ್ರ ಉಳಿಯಿತು. ಯಾವ ಹೆಡ್‌ಫೋನು ತಂದು ಚುಚ್ಚಿದರೂ ಸುಡದಂತೆ, ಹಾಡದೆಯೂ ಇರದಂತೆ ಒಂದೇ ಬಿಡಿಭಾಗದಿಂದ ಸಾಧಿಸಿದ ವ್ಯವಸ್ಥೆ ಇದು.

ಇನ್ನು ಬಲದ ಮಾತು. ಜರ್ಮನಿಯ ಸೆನ್‌ಹೈಸರ್ ಸಂಸ್ಥೆ 2003ರಲ್ಲಿ ಹೊರತಂದ ಎಚ್‌ಡಿ 650 ಎಂಬ ಹೆಡ್‌ಫೋನು ಇಂದಿಗೂ ರಸಿಕರ ನಡುವೆ ಅಳತೆಗೋಲಿನಂತೆ ಬಳಕೆಯಲ್ಲಿದೆ. ಅದರ ತಡೆ 300 ಓಮ್. ಒಂದು ವೋಲ್ಟ್ ಕೊಟ್ಟರೆ 103 ಡೆಸಿಬೆಲ್ ಸದ್ದು ಬರುತ್ತದೆಂಬುದು ತಯಾರಕರ ಲೆಕ್ಕ. ಕಿವಿ ಸಹಿಸಲಾರದ 110 ಡೆಸಿಬೆಲ್ಲಿಗೆ ಏರಿಸಬೇಕಾದರೂ ಅದಕ್ಕೆ ಬೇಕಾದುದು 17 ಮಿಲಿವಾಟ್ ಮಾತ್ರ. ಹಳೆಯ ಆಂಪ್ಲಿಫೈಯರಿನ ತಿರಸ್ಕೃತವಾದ ರಂಧ್ರ ಇದರ ಹದಿನೇಳು ಪಟ್ಟು ಕೊಡಬಲ್ಲುದು. ಹಾಗಿರುವಲ್ಲಿ, ಈ ಹೆಡ್‌ಫೋನಿಗೆ ರಂಧ್ರದಲ್ಲಿ ‘ಕಸುವು ಸಾಲದು’ ಎಂಬ ಮಾತು ಗಣಿತದ ಮುಂದೆ ನಿಲ್ಲುವುದಿಲ್ಲ.

ಆದರೂ ಎರಡು ಯಂತ್ರಗಳ ನಾದದಲ್ಲಿ ಭೇದವಿದೆಯೆಂದು ಕೇಳಿದವರು ಹೇಳುತ್ತಾರಷ್ಟೆ? ಅವರೆಲ್ಲರೂ ಭ್ರಮೆಗೊಂಡವರೆಂದು ಹೇಳಿಬಿಡುವುದು ಉದ್ಧಟತನ. ಭೇದವಿದೆ, ಅದರ ಮೂಲ ಮಾತ್ರ ಅವರು ತೋರಿಸುವ ಕಡೆ ಇಲ್ಲ.

ಹೆಡ್‌ಫೋನಿನ ಮೇಲೆ ಬರೆದಿರುವ 300 ಓಮ್ ಎಂಬುದು ಒಂದು ನಾಮಧೇಯವೇ ಹೊರತು ಎಲ್ಲ ಸ್ವರಗಳಿಗೂ ಸಮಾನವಾದ ತಡೆಯಲ್ಲ. ಅದರ ಪರದೆಗೆ ತನ್ನದೇ ಆದ ಸಹಜ ಕಂಪನವೊಂದಿರುತ್ತದೆ. ಆ ಕಂಪನದ ಸಮೀಪದಲ್ಲಿ ತಡೆ ಮೇಲಕ್ಕೇರುತ್ತದೆ. ಎಚ್‌ಡಿ 650ರಲ್ಲಿ ಸೆಕೆಂಡಿಗೆ ನೂರು ಕಂಪನಗಳ ಆಸುಪಾಸಿನಲ್ಲಿ, ಎಂದರೆ ಪುರುಷಕಂಠದ ಕೆಳಗಿನ ಸ್ವರಗಳೂ ಮೃದಂಗದ ಎಡಮುಖದ ಗುಂಕಾರವೂ ವಾಸಿಸುವ ಪ್ರದೇಶದಲ್ಲಿ, ಅದು 500 ಓಮಿನ ಹತ್ತಿರಕ್ಕೆ ಹೋಗುತ್ತದೆ. ಇನ್ನು 1827ರಲ್ಲಿ ಜಾರ್ಜ್ ಓಮ್ ಎಂಬ ಜರ್ಮನ್ ಉಪಾಧ್ಯಾಯರು ಪ್ರಕಟಿಸಿದ, ಶಾಲೆಯ ಹುಡುಗರೆಲ್ಲ ಬಾಯಿಪಾಠ ಮಾಡಿ ಮರೆಯುವ ನಿಯಮವನ್ನು ನೆನಪಿಗೆ ತಂದುಕೊಳ್ಳಬೇಕು. ಆಂಪ್ಲಿಫೈಯರಿನ ಒಳತಡೆಯೂ ಹೆಡ್‌ಫೋನಿನ ತಡೆಯೂ ಸರಣಿಯಲ್ಲಿ ನಿಂತಾಗ ವೋಲ್ಟೇಜು ಅವೆರಡರ ನಡುವೆ ಅವುಗಳ ಪ್ರಮಾಣಕ್ಕನುಸಾರವಾಗಿ ಹಂಚಿಹೋಗುತ್ತದೆ. ಹೆಡ್‌ಫೋನಿನ ತಡೆ ಎಲ್ಲಿ ಹೆಚ್ಚೋ ಅಲ್ಲಿ ಅದರ ಪಾಲೂ ಹೆಚ್ಚು. ಹೀಗಾಗಿ 330 ಓಮಿನ ರಂಧ್ರದಲ್ಲಿ ಎಚ್‌ಡಿ 650 ಹಾಡುವಾಗ ಮಂದ್ರದ ಆ ಒಂದು ಭಾಗ ಉಳಿದುದಕ್ಕಿಂತ ಎರಡು ಡೆಸಿಬೆಲ್ಲಿನಷ್ಟು ಉಬ್ಬಿ ಕೇಳುತ್ತದೆ. ಒಳತಡೆ ಒಂದು ಓಮಿನಷ್ಟಿರುವ ಇಂದಿನ ಯಂತ್ರದಲ್ಲಿ ಈ ಉಬ್ಬು ಇಲ್ಲವೆನ್ನುವಷ್ಟು ಅಲ್ಪ.

ಎರಡು ಡೆಸಿಬೆಲ್ ಎಂದರೆ ಸಾಮಾನ್ಯವೆನಿಸಬಹುದು. ಆದರೆ ಗಮನವಿಟ್ಟು ಕೇಳುವವನಿಗೆ ಅದು ತಿಳಿಯದಿರದು. ಗಾಯಕನ ಧ್ವನಿಗೆ ಮೈ ಬಂದಂತೆ, ಮೃದಂಗಕ್ಕೆ ತೂಕ ಬಂದಂತೆ ಕೇಳುತ್ತದೆ. ಇದನ್ನೇ ಜನ ‘ಬೆಚ್ಚನೆಯ ನಾದ’ ಎನ್ನುತ್ತಾರೆ. ಗಮನಿಸಬೇಕಾದ ಮಾತೆಂದರೆ, ಇಷ್ಟರವರೆಗೆ ಹೇಳಿದ ಯಂತ್ರದಲ್ಲಿ ಒಂದು ವಾಲ್ವೂ ಇಲ್ಲ.

ಈಗ ವಾಲ್ವಿನ ಕಡೆಗೆ ಬರಬಹುದು. ಆಂಗ್ಲರು ವಾಲ್ವೆಂದೂ ಅಮೆರಿಕದವರು ಟ್ಯೂಬೆಂದೂ ಕರೆಯುವ ಈ ಗಾಜಿನ ಬುರುಡೆ 1904ರಲ್ಲಿ ಫ್ಲೆಮಿಂಗ್ ಅವರ ಕೈಯಲ್ಲಿ ಹುಟ್ಟಿ, 1906ರಲ್ಲಿ ಲೀ ಡಿ ಫಾರೆಸ್ಟ್ ಅದಕ್ಕೆ ಮೂರನೆಯ ಅಂಗವನ್ನು ಸೇರಿಸಿದ ಮೇಲೆ ಧ್ವನಿಯನ್ನು ವರ್ಧಿಸುವ ಶಕ್ತಿಯನ್ನು ಪಡೆಯಿತು. ಕನ್ನಡನಾಡಿನ ಹಿರಿಯರಿಗೆ ಅದು ಅಪರಿಚಿತವಲ್ಲ. ಮರದ ಪೆಟ್ಟಿಗೆಯ ರೇಡಿಯೋದ ಗುಂಡಿ ತಿರುಗಿಸಿ, ಒಳಗೆ ವಾಲ್ವು ಕಾಯುವವರೆಗೆ ಮನೆಮಂದಿಯೆಲ್ಲ ಕಾದು ಕುಳಿತ ಸಂಜೆಗಳು ಎಷ್ಟೋ ಮನೆಗಳ ನೆನಪಿನಲ್ಲಿವೆ. 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ 1961ರಿಂದ ರೇಡಿಯೋ ವಾಲ್ವುಗಳು ತಯಾರಾಗತೊಡಗಿದುವು. ಜಾಲಹಳ್ಳಿಯ ಕಾರ್ಖಾನೆಯ ಬಿ.ಇ.ಎಲ್. ಮುದ್ರೆಯುಳ್ಳ ಹಳೆಯ ವಾಲ್ವುಗಳನ್ನು ಹುಡುಕಿ ಕೊಳ್ಳುವ ಹವ್ಯಾಸಿಗಳು ಇಂದಿಗೂ ಇದ್ದಾರೆಂಬುದು, ಗುಜರಿ ಎಂದು ಅವನ್ನು ತೂಕಕ್ಕೆ ಮಾರಿದವರಿಗೆ ಸೋಜಿಗವೆನಿಸೀತು. ಟ್ರಾನ್ಸಿಸ್ಟರ್ ಬಂದ ಮೇಲೆ ವಾಲ್ವಿನ ರಾಜ್ಯ ಮುಗಿಯಿತು. ಇಂದು ಮುಖ್ಯವಾಗಿ ರಷ್ಯದ ಸರಾಟೋವ್, ಸ್ಲೊವಾಕಿಯ ಮತ್ತು ಚೀನಗಳಲ್ಲಿರುವ ಬೆರಳೆಣಿಕೆಯ ಕಾರ್ಖಾನೆಗಳು ಅದನ್ನು ತಯಾರಿಸುತ್ತವೆ. 2022ರಲ್ಲಿ ರಷ್ಯದಿಂದ ಸರಬರಾಜು ಕೆಲವು ಕಾಲ ತಡೆಹಿಡಿದಾಗ ಜಗತ್ತಿನ ವಾಲ್ವುಪ್ರಿಯರೆಲ್ಲ ಗಾಬರಿಗೊಂಡರು.

ಹೆಡ್‌ಫೋನಿಗೆಂದು ಕಟ್ಟುವ ವಾಲ್ವಿನ ಆಂಪ್ಲಿಫೈಯರುಗಳಲ್ಲಿ ಒಂದು ದೊಡ್ಡ ಕುಟುಂಬ ಟ್ರಾನ್ಸ್‌ಫಾರ್ಮರಿನ ಸಹಾಯವಿಲ್ಲದೆ ವಾಲ್ವಿನಿಂದಲೇ ಹೆಡ್‌ಫೋನನ್ನು ನಡೆಸುತ್ತದೆ. ಹವ್ಯಾಸಿಗಳು ಮನೆಯಲ್ಲೇ ಜೋಡಿಸಿಕೊಳ್ಳುವಂತೆ ಅಮೆರಿಕದ ಬಾಟಲ್‌ಹೆಡ್ ಸಂಸ್ಥೆ ಮಾರಿದ ‘ಕ್ರ್ಯಾಕ್’ ಎಂಬ ಯಂತ್ರ ಈ ಕುಟುಂಬದ ಪ್ರಸಿದ್ಧ ಸದಸ್ಯ. ಅದರಲ್ಲಿರುವುದು ಎರಡೇ ವಾಲ್ವು: ಸಂಕೇತವನ್ನು ಹಿಗ್ಗಿಸುವ 12ಎಯು7 ಮತ್ತು ಹೆಡ್‌ಫೋನನ್ನು ನಡೆಸುವ 6080. ಈ 6080ರ ಪೂರ್ವಾಶ್ರಮ ವಿನೋದವಾದುದು. ಅದು ಸಂಗೀತಕ್ಕಾಗಿ ಸೃಷ್ಟಿಯಾದ ವಾಲ್ವಲ್ಲ. ವಿದ್ಯುತ್ತಿನ ವೋಲ್ಟೇಜು ಏರಿಳಿಯದಂತೆ ಕಾಯುವ ದ್ವಾರಪಾಲಕನ ಉದ್ಯೋಗಕ್ಕಾಗಿ ಹುಟ್ಟಿದ್ದು. ಅದರ ಒಳತಡೆ ಬೇರೆ ವಾಲ್ವುಗಳಿಗಿಂತ ಬಹಳ ಕಡಮೆಯಾದುದರಿಂದ ಹೆಡ್‌ಫೋನಿನವರ ಕಣ್ಣಿಗೆ ಬಿದ್ದಿತು. ಕಡಮೆಯೆಂದರೂ ಎಷ್ಟು? ಇಂಥ ಜೋಡಣೆಯಲ್ಲಿ ನೂರು ಓಮಿನ ಆಸುಪಾಸು. ಮೇಲಿನ ಲೆಕ್ಕವನ್ನೇ ಮತ್ತೆ ಹಾಕಿದರೆ, ಎಚ್‌ಡಿ 650ರ ಮಂದ್ರದ ಉಬ್ಬು ಇಲ್ಲಿ ಒಂದು ಡೆಸಿಬೆಲ್ಲಿಗೆ ಸ್ವಲ್ಪ ಕಡಮೆ.

ಇಲ್ಲಿಗೆ ಗುಟ್ಟು ರಟ್ಟಾಯಿತೆನ್ನಬೇಕು. ಇಂದಿನ ಟ್ರಾನ್ಸಿಸ್ಟರ್ ಯಂತ್ರದಿಂದ ವಾಲ್ವಿನ ಯಂತ್ರಕ್ಕೆ ಬಂದವನು ‘ಆಹಾ, ಮೈತುಂಬಿದ ನಾದ’ ಎಂದು ಉದ್ಗರಿಸಿದರೆ ಅದು ಸುಳ್ಳಲ್ಲ. ಆದರೆ ಆ ತುಂಬಿಕೆಯ ಒಂದು ಮುಖ್ಯ ಪಾಲು ಗಾಜಿನೊಳಗಿನ ಬೆಳಕಿನದಲ್ಲ, ಓಮ್ ಉಪಾಧ್ಯಾಯರದು. ಅದೇ ವ್ಯಕ್ತಿ ಅಟ್ಟದ ಮೇಲೆ ಧೂಳು ಹಿಡಿದಿರುವ ತಂದೆಯ ಕಾಲದ ಟ್ರಾನ್ಸಿಸ್ಟರ್ ಆಂಪ್ಲಿಫೈಯರಿನ ರಂಧ್ರಕ್ಕೆ ಹೆಡ್‌ಫೋನನ್ನು ಚುಚ್ಚಿ ನೋಡಿದರೆ, ಆ ಬಗೆಯ ತುಂಬಿಕೆ ಎರಡರಷ್ಟು ದೊರೆತೀತು, ಕಾಸು ಖರ್ಚಿಲ್ಲದೆ.

ಹಾಗಾದರೆ ವಾಲ್ವಿನದೇ ಆದ ಗುಣವೆಂಬುದು ಯಾವುದೂ ಇಲ್ಲವೆ? ಇದೆ. ಮೂರು ಅಂಗದ ವಾಲ್ವು ತನಗೆ ಒಪ್ಪಿಸಿದ ಸ್ವರಕ್ಕೆ ಅದರ ಇಮ್ಮಡಿ ಕಂಪನದ ಸ್ವರವನ್ನು ತುಸು ಬೆರೆಸಿ ಹಿಂದಿರುಗಿಸುತ್ತದೆ. ಮಧ್ಯಷಡ್ಜವನ್ನು ಕೊಟ್ಟರೆ ತಾರಷಡ್ಜದ ಒಂದು ನೆರಳು ಅದರೊಡನೆ ಕೂಡಿಬರುತ್ತದೆ. ಶಾಸ್ತ್ರಜ್ಞರ ಭಾಷೆಯಲ್ಲಿ ಇದು ವಿಕೃತಿಯೇ ಸರಿ. ಆದರೆ ತಂಬೂರಿಯನ್ನು ಕೇಳಿ ಬೆಳೆದ ಕಿವಿಗೆ ಇದು ವಿಕೃತಿಯೆನಿಸದಿರುವುದು ಸ್ವಾಭಾವಿಕ. ತಂಬೂರಿಯ ಒಂದೇ ತಂತಿಯಲ್ಲಿ ಷಡ್ಜದ ಮೇಲೆ ಷಡ್ಜ, ಅದರ ಮೇಲೆ ಪಂಚಮ, ಇನ್ನೂ ಮೇಲೆ ಯಾರೂ ಮೀಟದೆ ತಾನೇ ಹುಟ್ಟುವ ಸ್ವಯಂಭೂ ಗಾಂಧಾರ ಹೊಮ್ಮುವುದನ್ನು ಸಂಗೀತಗಾರರೆಲ್ಲ ಬಲ್ಲರು. ಇಮ್ಮಡಿಯ ಬೆರಕೆ ಹಿತ, ಮುಮ್ಮಡಿಯದು ಅಹಿತ ಎಂದು ಅಂಗಡಿಯವರು ಹೇಳುವ ಸೂತ್ರಕ್ಕೆ ಈ ತಂಬೂರಿಯೇ ಉತ್ತರ. ಪಂಚಮ ಹುಟ್ಟುವುದು ಮುಮ್ಮಡಿಯಿಂದ, ಗಾಂಧಾರ ಐದು ಮಡಿಯಿಂದ. ಕಿವಿಯನ್ನು ಇರಿಯುವುದು ಅದಕ್ಕೂ ಬಹಳ ಮೇಲಿನ, ಶ್ರುತಿಗೆ ಹೊಂದದ ಬೆರಕೆಗಳು. ಅರವತ್ತರ ದಶಕದ ಮೊದಮೊದಲ ಟ್ರಾನ್ಸಿಸ್ಟರ್ ಆಂಪ್ಲಿಫೈಯರುಗಳು ಅಂಥವನ್ನು ಧಾರಾಳವಾಗಿ ಉತ್ಪಾದಿಸುತ್ತಿದ್ದುವು. ಸಣ್ಣ ಸದ್ದಿನಲ್ಲಿ ಇನ್ನೂ ಹೆಚ್ಚಾಗಿ. ಟ್ರಾನ್ಸಿಸ್ಟರಿಗೆ ಅಂದು ಅಂಟಿದ ‘ಒಣನಾದ’ವೆಂಬ ಅಪಕೀರ್ತಿ ಇಂದಿಗೂ ಬಿಟ್ಟಿಲ್ಲ. ಇಂದಿನ ಯಂತ್ರಗಳಲ್ಲಿ ಬೆರಕೆ ನೂರರಲ್ಲಿ ಒಂದು ಪಾಲಿನ ನೂರನೆಯ ಒಂದಂಶಕ್ಕೂ ಕೆಳಗಿಳಿದಿರುವಾಗ ಆ ದೂರನ್ನು ಹೊರಿಸುವುದು ಮೊಮ್ಮಗನನ್ನು ತಾತನ ಸಾಲಕ್ಕೆ ಹಿಡಿದಂತೆ.

ಇನ್ನೊಂದು ಸೂಕ್ಷ್ಮವನ್ನೂ ಹೇಳಬೇಕು. ವಾಲ್ವಿನ ಈ ಬೆರಕೆ ಸದ್ದು ಹೆಚ್ಚಿದಂತೆ ಹೆಚ್ಚುತ್ತದೆ, ಕುಗ್ಗಿದಂತೆ ಕುಗ್ಗುತ್ತದೆ. ರಾತ್ರಿಯ ವೇಳೆ ಹಿತವಾಗಿ 80 ಡೆಸಿಬೆಲ್ಲಿನಲ್ಲಿ ಕೇಳುವಾಗ ಎಚ್‌ಡಿ 650 ಸ್ವೀಕರಿಸುವ ಶಕ್ತಿ ಒಂದು ವಾಟಿನ ಹತ್ತು ಲಕ್ಷ ಭಾಗಗಳಲ್ಲಿ 17 ಭಾಗ ಮಾತ್ರ. ಅಷ್ಟು ಕಿರಿದಾದ ಕೆಲಸದಲ್ಲಿ ವಾಲ್ವು ಬೆರೆಸುವ ತಾರಷಡ್ಜವೂ ಅತ್ಯಂತ ಕಿರಿದು. ಸಂಗೀತದ ನಡುವೆ ಅದನ್ನು ಗುರುತಿಸಬಲ್ಲ ಕಿವಿಗಳು ಅಪರೂಪ. ಆದರೆ ಈ ಎರಡು ವಾಲ್ವುಗಳ ದೀಪವನ್ನು ಉರಿಸುವುದಕ್ಕೇ ಸುಮಾರು 18 ವಾಟ್ ಬೇಕು! ಕಿವಿಗೆ ಮುಟ್ಟುವ ಶಕ್ತಿಯ ಹತ್ತು ಲಕ್ಷ ಪಟ್ಟು ಕೋಣೆಯನ್ನು ಬೆಚ್ಚಗಾಗಿಸಲು ವಿನಿಯೋಗವಾಗುವ ಇಂಥ ಯಂತ್ರವನ್ನು ಬೇಸಗೆಯಲ್ಲಿ ರಾಯಚೂರಿನವರು ಮೆಚ್ಚುವರೆಂದು ತೋರುವುದಿಲ್ಲ.

ಈ ವಿವಾದದಲ್ಲಿ ಒಂದು ಐತಿಹಾಸಿಕ ಪಂದ್ಯವೂ ನಡೆದಿದೆ. ಅದು ಹೆಡ್‌ಫೋನಿನ ವಿಷಯದಲ್ಲಲ್ಲ, ಸ್ಪೀಕರುಗಳ ವಿಷಯದಲ್ಲಿ, ಆದರೂ ತತ್ತ್ವವೊಂದೇ. 1985ರಲ್ಲಿ ಅಮೆರಿಕದ ಬಾಬ್ ಕಾರ್ವರ್ ಎಂಬ ಯಂತ್ರಶಿಲ್ಪಿ, ತಮ್ಮ ಅಗ್ಗದ ಟ್ರಾನ್ಸಿಸ್ಟರ್ ಆಂಪ್ಲಿಫೈಯರನ್ನು ಯಾವ ದುಬಾರಿಯ ಯಂತ್ರದಂತಾದರೂ ಹಾಡಿಸಬಲ್ಲೆನೆಂದು ಪಣ ತೊಟ್ಟರು. ‘ಸ್ಟೀರಿಯೋಫೈಲ್’ ಎಂಬ ರಸಿಕರ ಪತ್ರಿಕೆಯವರು ತಾವು ಮೆಚ್ಚಿದ ಬೆಲೆಬಾಳುವ ವಾಲ್ವಿನ ಯಂತ್ರವೊಂದನ್ನು ಮುಂದಿಟ್ಟರು. ಕಾರ್ವರ್ ಎರಡು ದಿನ ಎರಡು ರಾತ್ರಿ ಕುಳಿತು, ಎರಡೂ ಯಂತ್ರಗಳ ಹೊರಬರುವ ಸಂಕೇತವನ್ನು ಒಂದರಿಂದ ಒಂದನ್ನು ಕಳೆದು ಉಳಿಯುವ ಶೇಷವನ್ನು ಅಳೆಯುತ್ತ, ತಮ್ಮ ಯಂತ್ರವನ್ನು ತಿದ್ದುತ್ತ ಹೋದರು. ಅವರು ತಿದ್ದಿದ ಅಂಶಗಳಲ್ಲಿ ಹೊರತಡೆಯೂ ಒಂದು. ಕೊನೆಗೆ ಶೇಷ 70 ಡೆಸಿಬೆಲ್ಲಿನಷ್ಟು ಕೆಳಗಿಳಿದಾಗ ಪತ್ರಿಕೆಯವರು ಯಾವುದು ವಾಲ್ವು, ಯಾವುದು ಟ್ರಾನ್ಸಿಸ್ಟರ್ ಎಂದು ಬೇರ್ಪಡಿಸಲಾರದೆ ಹೋದರು. ಸೋಲನ್ನು ಅವರು ತಮ್ಮ ಪತ್ರಿಕೆಯಲ್ಲಿಯೇ ಅಚ್ಚುಮಾಡಿದರೆಂಬುದು ಅವರ ದೊಡ್ಡತನ.

ಮನೆಯಲ್ಲಿಯೂ ಇಂಥ ಪರೀಕ್ಷೆ ಅಸಾಧ್ಯವಲ್ಲ. ಸ್ನೇಹಿತರಿಂದ ವಾಲ್ವಿನ ಯಂತ್ರವನ್ನು ಒಂದು ಭಾನುವಾರದ ಮಟ್ಟಿಗೆ ಎರವಲು ತಂದರಾಯಿತು. ಆದರೆ ಒಂದು ಎಚ್ಚರಿಕೆ ಬೇಕು: ಎರಡರ ಸದ್ದೂ ಸರಿಸಮನಾಗಿರಬೇಕು. ಒಂದು ಡೆಸಿಬೆಲ್ಲಿನಷ್ಟು ಮುಂದಿರುವ ಯಂತ್ರವನ್ನು ಕಿವಿ ‘ಗಟ್ಟಿ’ ಎನ್ನುವುದಿಲ್ಲ, ‘ಚೆನ್ನ’ ಎನ್ನುತ್ತದೆ. ಅಂಗಡಿಯಲ್ಲಿ ನಡೆಯುವ ಅರ್ಧ ಮೋಸ ಇದರಿಂದಲೇ, ಅದೂ ಅನೇಕ ವೇಳೆ ಅಂಗಡಿಯವನಿಗೇ ತಿಳಿಯದಂತೆ. ಆದುದರಿಂದ ಹೆಡ್‌ಫೋನು ಸಿಕ್ಕಿಸಿರುವಾಗಲೇ, ಏರಿಳಿತವಿಲ್ಲದ ಒಂದೇ ಸ್ವರವನ್ನು ನುಡಿಸಿ, ಅದರ ಎರಡು ತುದಿಗಳ ನಡುವಿನ ವೋಲ್ಟೇಜನ್ನು ಮೀಟರಿನಿಂದ ಅಳೆದು ಸರಿಹೊಂದಿಸಬೇಕು. ಅನಂತರ ಮಗನೋ ಮಗಳೋ ಬೆನ್ನ ಹಿಂದೆ ನಿಂತು ಪ್ಲಗ್ಗನ್ನು ಬದಲಿಸಲಿ. ಕೇಳುವವನು ಕಣ್ಣು ಮುಚ್ಚಿ ಹೇಳಲಿ. ಇಪ್ಪತ್ತು ಬಾರಿ ಕೇಳಿ ಹದಿನೈದು ಬಾರಿ ಸರಿಯಾಗಿ ಹೇಳಿದರೆ ಅವನಿಗೆ ಭೇದ ಕೇಳುತ್ತಿದೆಯೆಂದು ಮನೆಯವರು ಒಪ್ಪಬೇಕು. ಹತ್ತರ ಸುಮಾರಿಗೆ ನಿಂತರೆ ನಾಣ್ಯ ಚಿಮ್ಮಿದ್ದರೂ ಅಷ್ಟೇ ಆಗುತ್ತಿತ್ತು. ಆಗ ಯಾರೂ ನಗಬಾರದು.

ಹಾಗೆ ಭೇದ ಕೇಳಿದವನೂ, ಕೇಳಿದುದನ್ನು ಮೆಚ್ಚಿದವನೂ ವಾಲ್ವನ್ನು ಕೊಂಡರೆ ತಪ್ಪಿಲ್ಲ. ಕತ್ತಲ ಕೋಣೆಯಲ್ಲಿ ಆ ಕೆಂಬೆಳಕನ್ನು ನೋಡುತ್ತ ಹಾಡು ಕೇಳುವುದು ಒಂದು ಸುಖವೇ. ಬೆಳ್ಳಿಯ ಲೋಟದಲ್ಲಿ ಕುಡಿದ ಕಾಫಿಗೆ ರುಚಿ ಹೆಚ್ಚೆಂದು ತಿಳಿದವರ ಸುಖವನ್ನು ಯಾರೂ ಕಿತ್ತುಕೊಳ್ಳುವುದಿಲ್ಲ. ಒಂದು ವಾಲ್ವನ್ನು ತೆಗೆದು ಇನ್ನೊಂದು ಕಾಲದ, ಇನ್ನೊಂದು ದೇಶದ ವಾಲ್ವನ್ನು ಹಾಕಿ ಪರೀಕ್ಷಿಸುವ ಹವ್ಯಾಸವೂ ಅಂಚೆಚೀಟಿ ಸಂಗ್ರಹದಷ್ಟೇ ನಿರಪಾಯಕಾರಿ, ಪರ್ಸು ಎಷ್ಟು ದಪ್ಪ ಎಂಬುದರ ಮೇಲೆ ಹೋಗುತ್ತದೆ. ಆದರೆ ಜೊತೆಗಿರುವ ಹೆಡ್‌ಫೋನು 300 ಅಥವಾ 600 ಓಮಿನದಾಗಿರಬೇಕು. ಇದೇ ನಿಜವಾದ ನಿರ್ಬಂಧ, ಇದನ್ನೇ ಮಾರುವವರು ಕೊನೆಗೆ ಹೇಳುತ್ತಾರೆ ಅಥವಾ ಹೇಳುವುದಿಲ್ಲ.

32 ಓಮಿನ ಹೆಡ್‌ಫೋನನ್ನು ಇಂಥ ವಾಲ್ವಿನ ಯಂತ್ರಕ್ಕೆ ಸೇರಿಸುವುದು ವಿಜೋಡಿನ ಮದುವೆ. ಅದರ ತಡೆ ಮಂದ್ರದಲ್ಲಿ 32ರಿಂದ 100ಕ್ಕೆ ಏರುವುದೆಂದು ಭಾವಿಸಿದರೆ, 120 ಓಮಿನ ಒಳತಡೆಯೊಡನೆ ಆ ಸ್ಥಳದಲ್ಲಿ ಉಬ್ಬುವುದು ಆರೂಮುಕ್ಕಾಲು ಡೆಸಿಬೆಲ್ಲಿಗೆ ಹತ್ತಿರ. ಮೃದಂಗ ಗಾಯಕನನ್ನು ನುಂಗಿಬಿಡುತ್ತದೆ. ಜೊತೆಗೆ ಪೆಟ್ಟು ಬಿದ್ದ ಮೇಲೆ ಪರದೆಯನ್ನು ಬಿಗಿಹಿಡಿದು ನಿಲ್ಲಿಸುವ ಶಕ್ತಿಯೂ ಕುಂದಿ ಗುಂಕಾರ ಬಾಲ ಎಳೆಯುತ್ತದೆ. ವಿಚಿತ್ರವೆಂದರೆ 120 ಓಮ್ ಎಂಬುದು ಸ್ವತಃ ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗವೇ 1996ರಲ್ಲಿ ಹೆಡ್‌ಫೋನಿನ ರಂಧ್ರಗಳಿಗೆ ಶಿಫಾರಸು ಮಾಡಿದ ಸಂಖ್ಯೆ! ಇಂದು ಯಂತ್ರ ಕಟ್ಟುವವರು ಅದನ್ನು ಗೌರವದಿಂದ ಪಕ್ಕಕ್ಕಿಟ್ಟಿದ್ದಾರೆ. ಹೊರತಡೆ ಹೆಡ್‌ಫೋನಿನ ತಡೆಯ ಎಂಟನೆಯ ಒಂದು ಭಾಗವನ್ನು ಮೀರಬಾರದೆಂಬುದು ಈಗಿನ ರೂಢಿಯ ಲೆಕ್ಕ. 32 ಓಮಿಗೆ ನಾಲ್ಕು, 300ಕ್ಕೆ ಮೂವತ್ತೇಳು. ಈ ಲೆಕ್ಕದಲ್ಲಿ ಹಳೆಯ ರಂಧ್ರವೂ ಅನುತ್ತೀರ್ಣ, ಟ್ರಾನ್ಸ್‌ಫಾರ್ಮರಿಲ್ಲದ ವಾಲ್ವೂ ಅನುತ್ತೀರ್ಣ. 32 ಓಮಿನ ಒಡೆಯರಿಗೆ ಎರಡನ್ನೂ ಬಿಟ್ಟು, ಹೊರತಡೆ ಅತ್ಯಲ್ಪವಾದ ಸಣ್ಣ ಟ್ರಾನ್ಸಿಸ್ಟರ್ ಯಂತ್ರವೇ ಯೋಗ್ಯ. ವಾಲ್ವಿನ ಮೇಲೆ ಮನಸ್ಸು ನಿಂತಿದ್ದರೆ ಟ್ರಾನ್ಸ್‌ಫಾರ್ಮರ್ ಇರುವ ಬಗೆಯನ್ನೋ, ಮುಂದೆ ವಾಲ್ವು ಹಿಂದೆ ಟ್ರಾನ್ಸಿಸ್ಟರ್ ಇರುವ ಮಿಶ್ರಜಾತಿಯದನ್ನೋ ನೋಡಬಹುದು.

ಚಪ್ಪಟೆ ಪರದೆಯ ಕೆಲವು ಹೆಡ್‌ಫೋನುಗಳ ಕಥೆ ಇನ್ನೊಂದು. ಅವುಗಳ ತಡೆ ಎಲ್ಲ ಸ್ವರಗಳಿಗೂ ಬಹುಮಟ್ಟಿಗೆ ಒಂದೇ ಆದುದರಿಂದ ರೆಸಿಸ್ಟರು ಅವುಗಳ ನಾದವನ್ನು ಉಬ್ಬಿಸಲಾರದು. ಆದರೆ ಅವುಗಳಲ್ಲಿ ಕೆಲವಕ್ಕೆ ಹಸಿವು ವಿಪರೀತ. ಹೈಫೈಮನ್ ಸಂಸ್ಥೆಯ ಎಚ್‌ಇ 6 ಎಂಬ 50 ಓಮಿನ ಹೆಡ್‌ಫೋನು 110 ಡೆಸಿಬೆಲ್ಲಿಗೆ ಏರಲು ಸುಮಾರು 450 ಮಿಲಿವಾಟ್ ಬೇಡುತ್ತದೆ, ಎಚ್‌ಡಿ 650 ಬೇಡುವುದರ ಇಪ್ಪತ್ತೇಳು ಪಟ್ಟು. ಎರಡು ವಾಲ್ವಿನ ಪುಟ್ಟ ಯಂತ್ರ ಅದರ ಮುಂದೆ ಕೈಚೆಲ್ಲುತ್ತದೆ. ಅದನ್ನು ಕೊಂಡವರಲ್ಲಿ ಹಲವರು ಸ್ಪೀಕರಿಗೆಂದು ಕಟ್ಟಿದ ಆಂಪ್ಲಿಫೈಯರಿನಿಂದಲೇ ಅದನ್ನು ನಡೆಸಿದರು.

ಇಂದಿನ ಇಂಟಿಗ್ರೇಟೆಡ್ ಆಂಪ್ಲಿಫೈಯರುಗಳ ವಿಷಯದಲ್ಲಿ ಒಂದೇ ಮಾತಿನ ತೀರ್ಪು ಕೊಡುವಂತಿಲ್ಲ. ರಂಧ್ರ ಅದೇ, ಅದರ ಹಿಂದೆ ಒಂದರಲ್ಲಿ ಹೆಡ್‌ಫೋನಿಗೆಂದೇ ಶ್ರದ್ಧೆಯಿಂದ ಕಟ್ಟಿದ ಮಂಡಲ, ಇನ್ನೊಂದರಲ್ಲಿ ಕೆಲವೇ ರೂಪಾಯಿಯ ಒಂದು ಚಿಪ್ಪು, ಮತ್ತೊಂದರಲ್ಲಿ ಹಳೆಯ ರೆಸಿಸ್ಟರೇ. ಕೈಪಿಡಿಯಲ್ಲಿ ಹೊರತಡೆಯ ಸಂಖ್ಯೆಯನ್ನು ಕೊಟ್ಟಿದ್ದರೆ ಕೊಳ್ಳುವವನು ಅದನ್ನು ನೋಡಲಿ. ಕೊಟ್ಟಿಲ್ಲದಿದ್ದರೆ ಅಂಗಡಿಯವನನ್ನು ಕೇಳಲಿ. ಹಾಡಿಲ್ಲದ ಹೊತ್ತಿನಲ್ಲಿ ಹೆಡ್‌ಫೋನಿನಲ್ಲಿ ‘ಸ್‌ಸ್‌’ ಎಂಬ ಸದ್ದು ಬರುವುದೆ, ಗುಂಡಿಯನ್ನು ತುಸುವೇ ತಿರುಗಿಸಿದಾಗ ಒಂದು ಕಿವಿಯಲ್ಲಿ ಮೊದಲು ಇನ್ನೊಂದರಲ್ಲಿ ತಡವಾಗಿ ಹಾಡು ಏಳುವುದೆ ಎಂಬುದನ್ನೂ ಅಲ್ಲಿಯೇ ಪರೀಕ್ಷಿಸಬಹುದು. ಈ ಎರಡು ದೋಷಗಳಿಲ್ಲದ ರಂಧ್ರವುಳ್ಳವನು, ಗೃಹಿಣಿಯ ಪ್ರಶ್ನೆಗೆ ‘ಇದರಲ್ಲೇ ಜೀವವಿದೆ’ ಎಂದು ಧೈರ್ಯವಾಗಿ ಉತ್ತರಿಸಿ ಆ ಹಣದಲ್ಲಿ ಇನ್ನೂ ಉತ್ತಮವಾದ ಹೆಡ್‌ಫೋನನ್ನು ಕೊಳ್ಳಲಿ. ಯಂತ್ರದಿಂದ ಯಂತ್ರಕ್ಕೆ ಆಗುವ ಭೇದ ಒಂದೆರಡು ಡೆಸಿಬೆಲ್ಲಿನದಾದರೆ, ಹೆಡ್‌ಫೋನಿನಿಂದ ಹೆಡ್‌ಫೋನಿಗೆ ಅದು ಹತ್ತರವರೆಗೂ ಹೋಗುವುದುಂಟು.

ಯಾವುದರಲ್ಲಿ ಕೇಳಿದರೂ ಗುಂಡಿಯ ಮೇಲೆ ಕೈ ಹಿಡಿತದಲ್ಲಿರಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆಯಂತೆ ವಯಸ್ಕರಿಗೆ 80 ಡೆಸಿಬೆಲ್ಲಿನಲ್ಲಿ ವಾರಕ್ಕೆ 40 ಗಂಟೆ ಮಿತಿ. ಅಲ್ಲಿಂದ ಪ್ರತಿ ಮೂರು ಡೆಸಿಬೆಲ್ಲಿಗೂ ಆ ಅವಧಿ ಅರ್ಧಕ್ಕಿಳಿಯುತ್ತದೆ. ಶುದ್ಧವಾದ ಯಂತ್ರದಲ್ಲಿ ಸದ್ದು ಏರಿದುದು ತಿಳಿಯುವುದೇ ಇಲ್ಲವಾದ್ದರಿಂದ ಅಪಾಯ ಅಲ್ಲಿಯೇ ಹೆಚ್ಚು. ವಾಲ್ವಿನ ಯಂತ್ರವನ್ನೇ ಮನೆಗೆ ತಂದವರು ಮತ್ತೆರಡು ವಿಷಯಗಳನ್ನು ಮಕ್ಕಳಿಗೂ ತಿಳಿಸಿಡತಕ್ಕದ್ದು. ಅದರೊಳಗೆ ನೂರಾರು ವೋಲ್ಟ್ ವಿದ್ಯುತ್ತು ಓಡಾಡುತ್ತದೆ. ಗುಂಡಿ ಆರಿಸಿದ ಮೇಲೂ ಅದು ಒಳಗಿನ ಕೆಪಾಸಿಟರುಗಳಲ್ಲಿ ಸ್ವಲ್ಪ ಹೊತ್ತು ನಿಂತಿರುತ್ತದೆ, ಆದುದರಿಂದ ಮುಚ್ಚಳವನ್ನು ಬಿಚ್ಚುವಂತಿಲ್ಲ. ಟ್ರಾನ್ಸ್‌ಫಾರ್ಮರಿಲ್ಲದ ಬಗೆಯಲ್ಲಿ ಆ ವೋಲ್ಟೇಜಿಗೂ ಕಿವಿಗೂ ನಡುವೆ ಕಾವಲಿರುವುದು ಅಂಥದೊಂದು ಕೆಪಾಸಿಟರು ಮಾತ್ರ. ಯಂತ್ರ ಹೊತ್ತಿದೊಡನೆ ಅದು ತುಂಬಿಕೊಳ್ಳುವಾಗ ಒಂದು ಗುದ್ದು ಹೊರಬರುತ್ತದೆ. ವಾಲ್ವು ಕೆಂಪೇರಿ ಒಂದೆರಡು ನಿಮಿಷ ಕಳೆಯಲಿ. ಹೆಡ್‌ಫೋನಿನ ಪ್ಲಗ್ಗನ್ನು ಚುಚ್ಚುವುದು ಆಮೇಲೆ.